ಮೊದಲ ಸುತ್ತು

ರಾಜಾಸಾಬರ ಹಳೆಯ ಪಿಕಪ್ಪಿನ ಮುಂಗಾಲಿಗಳೆರಡಕ್ಕೂ ಸೇರಿಸಿ ಮೌನೇಶ ಮೇಸ್ತ್ರಿ ಒಂದೇ ಗಟ್ಟಿ ಆಕ್ಸಲ್ ಕೂರಿಸಿದ್ದ. ಕೊನೆಗೆ ನೋಡಿದರೆ ಅದರ ಒಂದು ಬೆಸುಗೆ ಬಿರುಕು ಬಿಟ್ಟಿತ್ತು. ಬಿಚ್ಚಿ ಮತ್ತೆ ಮಾಡಲು ಬೇಸರವಾಗಿ, ಬಿರುಕಿಗೆ ಪುಟ್ಟಿ ಮೆತ್ತಿ ಅಷ್ಟು ಜಾಗಕ್ಕೆ ಮಾತ್ರ ಕರಿ ಬಣ್ಣ ಬಳಿದ.

ರಾಜಾಸಾಬರು ಗಾಲಿಯಡಿ ನಿಂಬೆಹಣ್ಣಿಟ್ಟು ಕರೆದರು. "ಬರ್ರಿ ಮೇಸ್ತ್ರಿ. ಮೊದಲನೇ ಸುತ್ತಿನಾಗ ಕೆಲಸ ಮಾಡಿದವ್ರು ಬಾಜೂಕ ಕೂಡಬೇಕು."

"ನಡ ನೋಯಾಕತ್ತೈತ್ರಿ."

"ನಿಮ್ಮ ಕೈ ಮ್ಯಾಲ ನಂಗ ನಂಬಿಕಿ ಐತಿ. ಆದ್ರ ಪದ್ಧತಿ ಬಿಡಾಕ ಬರೂದಿಲ್ಲ."

ನಂಬಿಕೆಯ ಮಾತು ಕೇಳಿ ಮೌನೇಶ ತಲೆ ತಗ್ಗಿಸಿಕೊಂಡೇ ಹತ್ತಿದ. ಗಾಡಿ ಹೊರಟು, ಮುಂದೆ ಗುಡ್ಡದ ಇಳಿಜಾರು ಕಂಡಾಗ ಅವನಿಗೆ ತಡೆಯಲಾಗಲಿಲ್ಲ.

"ನಿಲ್ಲಸ್ರಿ. ಬೆಸುಗಿ ಸೀಳೈತಿ. ನಾನ ಬಣ್ಣ ಹಚ್ಚಿ ಮುಚ್ಚೀನಿ."

ರಾಜಾಸಾಬರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತಿ. ನಿಂಬಿಹಣ್ಣ ಇಡೂವಾಗ ಅಲ್ಲೊಂದ ಕಡೆ ಹಸಿ ಬಣ್ಣ ಕಂಡಿತ್ತು. ಅದಕ್ಕ ಇಲ್ಲೀತನಕ ಫಸ್ಟ್ ಗೇರು ದಾಟಿಸಿಲ್ಲ."