ದಾಳಿಂಬೆ ಹೂವಿನ ಬಣ್ಣ

ಎತ್ತಿನಗಾಡಿ ಹಿಡಿಸುವಷ್ಟು ದೊಡ್ಡದಾದ ಕರೆಂಟಿನ ಕುಲುಮೆಯ ಬಾಗಿಲು ಮೇಲೆದ್ದಾಗ, ಒಳಗಿನ, ಟ್ರ್ಯಾಕ್ಟರಿಗೆ ಕಟ್ಟಿ ನೆಲ ಹದಮಾಡುವ ರೋಟಾವೇಟರಿನ ಇನ್ನೂರು ಬ್ಲೇಡುಗಳು ಒಂದೇ ಸಮನೆ ಕೆಂಪಗೆ ಹೊಳೆದವು. "ಬಣ್ಣ ನೋಡಣ್ಣ," ಎಂದ ತಮ್ಮ ಮೌನೇಶ. "ಮೀಟರ್ ಎಂಟುನೂರಾ ಐವತ್ತು ತೋರಸಾಕತ್ತೈತಿ. ಎಣ್ಣಿಗೆ ಹಾಕಿ ಗಟ್ಟಿ ಮಾಡಲೇನು?"

ಕಾಳಪ್ಪ ನೋಡಿದ. ಅಪ್ಪ ಹೇಳುತ್ತಿದ್ದ ದಾಳಿಂಬೆ ಹೂವಿನ ಬಣ್ಣವೇ. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಊರು ಸಾಲಗುಂದದ ಕುಲುಮೆಯಲ್ಲಿ ತಿದಿ ಒತ್ತಿ ಒತ್ತಿ, ಒಂದೊಂದೇ ನೇಗಿಲ ಕುಡಕ್ಕೆ ಈ ಬಣ್ಣ ತರಿಸುವುದರೊಳಗೆ ಕಾಳಪ್ಪನ ಬೆನ್ನು ಬಾಗಿತ್ತು. ಇಲ್ಲಿ ಸಿಂಧನೂರಿನ ತನ್ನ ಹೊಸ ಕಾರ್ಖಾನೆಯಲ್ಲಿ, ಇಸ್ತ್ರಿ ಕೆಡದ ಅಂಗಿಯಲ್ಲಿ ನಿಂತ ತಮ್ಮ ಒಂದು ಗುಂಡಿ ಒತ್ತಿ ಇನ್ನೂರಕ್ಕೂ ತರಿಸಿದ್ದ. ಬೆಳಿಗ್ಗೆಯಿಂದ ಬಂದವರೆಲ್ಲ ಅವನನ್ನೇ 'ಮೇಸ್ತ್ರಿ' ಎಂದು ಕರೆದಿದ್ದರು.

"ಇನ್ನಾ ಹಸಿ ಅದಾವ, ಕಾವು ಸಾಲದು," ಎಂದುಬಿಟ್ಟ ಕಾಳಪ್ಪ. ಹದ ಮೀರಿ ಕಾದ ಉಕ್ಕು ಹೊಲದಲ್ಲಿ ಕಲ್ಲು ತಾಗಿದರೆ ಗಾಜಿನಂತೆ ಮುರಿಯುವುದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಮೌನೇಶ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲು ಇಳಿಸಿ, "ಮಿಷಿನ್ ನಿನ್ನಿ ಬಂದದ್ದು. ನಿನ್ನ ಕಣ್ಣು ಅಪ್ಪ ತಿದ್ದಿದ್ದು," ಎನ್ನುತ್ತ ಕಾವು ಏರಿಸಲು ಗುಂಡಿಗೆ ಕೈ ಚಾಚಿದ.

ಕಾಳಪ್ಪ ಆ ಕೈಯನ್ನು ಗಪ್ಪನೆ ಹಿಡಿದ. "ಬ್ಯಾಡ. ಎಣ್ಣಿಗೆ ಹಾಕು, ಹದ ಆಗ್ಯಾವ."

"ಈಗ ಹಸಿ ಅಂದ್ಯಲ್ಲ?"

"ಅದು ಕಣ್ಣು ಹೇಳಿದ್ದಲ್ಲೋ ತಮ್ಮಾ," ಎಂದ ಕಾಳಪ್ಪ, ಹಿಡಿದ ಕೈ ಬಿಡದೆ. "ಹೊಟ್ಟಿ ಹೇಳಿದ್ದು."