ಒದ್ದೆ ಮೇಜುಬಟ್ಟೆ

ಊಟದ ಗಂಟೆ ಇನ್ನೇನು ಬಾರಿಸಬೇಕು ಎನ್ನುವಾಗ, ಹಡಗಿನ ಹಿರಿಯ ಮಾಣಿ ರಿಮ್ಮರ್ ಹೂಜಿ ಹಿಡಿದು ಮೇಜುಬಟ್ಟೆಗಳಿಗೆಲ್ಲ ನೀರು ಚಿಮುಕಿಸಿಬಿಟ್ಟ. ಅಲೆ ಏಳುವ ಲಕ್ಷಣವಿದ್ದರೆ ಹಾಗೆ ಮಾಡುವುದು ವಾಡಿಕೆ. ಬಟ್ಟೆ ಒದ್ದೆಯಿದ್ದರೆ ತಟ್ಟೆ ಜಾರುವುದಿಲ್ಲ. ಆದರೆ ಆ ಸಂಜೆ ಕಡಲು ಉಂಡು ಮಲಗಿದ ಮಗುವಿನಂತೆ ಸುಮ್ಮನಿತ್ತು.

"ಇದೇನೋ ನಿನ್ನ ಅವತಾರ?" ಬಾಣಸಿಗ ಹಾಲ್ಸಾಲ್ ಅಡುಗೆಮನೆಯಿಂದ ಇಣುಕಿದ.

"ಮಂಡಿ ನೋಯ್ತಾ ಇದೆ ಕಣೋ. ಅಲೆ ಬಂದೇ ಬರುತ್ತೆ. ಇವತ್ತು ನಿನ್ನ ಬಾತುಕೋಳಿ ಯಾರದಾದ್ರೂ ಮಡಿಲಿಗೆ ಹಾರಿದ್ರೆ?"

"ನ್ಯೂಯಾರ್ಕ್ ಬಿಟ್ಟಾಗಿನಿಂದ ನಿನ್ನ ಮಂಡಿ ನೋಯ್ತಾನೇ ಇದೆ!"

ಹಾಲ್ಸಾಲನಿಗೆ ಇದು ಕಡೆಯ ಪ್ರಯಾಣ. ಬೆಳಗಾದರೆ ಲಿವರ್‌ಪೂಲ್, ಆಮೇಲೆ ಮನೆ. ಹಡಗಿನ ಒಲೆಯ ಮುಂದೆಯೇ ತಲೆ ನರೆತಿದ್ದರೂ, ತನ್ನ ಅಡುಗೆಯನ್ನು ಜನ ಉಣ್ಣುವುದನ್ನು ಅವನು ಒಮ್ಮೆಯೂ ಕಣ್ಣಾರೆ ಕಂಡವನಲ್ಲ. ಊಟದ ಹೊತ್ತಿನಲ್ಲಿ ಒಲೆ ಬಿಟ್ಟು ಕದಲುವುದುಂಟೆ? ಇವತ್ತೊಂದು ದಿನ ಒಲೆಯನ್ನು ಕೈಕೆಳಗಿನವರಿಗೆ ಒಪ್ಪಿಸಿ, ಊಟದ ಕೋಣೆಯ ಬಾಗಿಲ ಗಾಜಿನಲ್ಲಿ ನೋಡಬೇಕೆಂದಿದ್ದ. ಪಾಪ, ಅಷ್ಟೇ ಅವನ ಆಸೆ; ರಿಮ್ಮರನಿಗೂ ಅದು ಗೊತ್ತಿತ್ತು.

ಗಂಟೆ ಬಾರಿಸಿತು. ಹಾಲ್ಸಾಲ್ ಗಾಜಿಗೆ ಮೂಗು ಒತ್ತಿ ನಿಂತ. ಜನ ನಗುತ್ತ ಬಂದು ಕೂತರು. ಬಾತುಕೋಳಿ ಹಬೆಯಾಡುತ್ತ ಬಂತು. ಅಷ್ಟರಲ್ಲಿ ಮೇಜಿಗೆ ಮೊಣಕೈ ಊರಿದ ಹೆಂಗಸೊಬ್ಬಳು, "ಅಯ್ಯೋ, ಒದ್ದೆ!" ಎಂದು ಚೀರಿದಳು. ಕೆಲವು ದಿನಗಳ ಹಿಂದೆ ನಡುಗಡಲಿನಲ್ಲಿ ಒದ್ದೆ ಬಟ್ಟೆ ಹಾಸಿದಾಗ ತಮ್ಮ ಹೊಟ್ಟೆ ಪಟ್ಟ ಪಾಡನ್ನು ಯಾರೂ ಮರೆತಿರಲಿಲ್ಲ. ಒಬ್ಬ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎದ್ದ. ಅವನನ್ನು ನೋಡಿ ಪಕ್ಕದವಳಿಗೂ ಹೊಟ್ಟೆ ತೊಳೆಸಿತು.

"ಕೂತ್ಕೊಳ್ಳಿ ತಾಯಿ, ಏನೂ ಆಗಲ್ಲ!" ರಿಮ್ಮರ್ ಅಂಗಲಾಚಿದ. ಯಾರು ಕೇಳುತ್ತಾರೆ? ಒಂದೇ ಒಂದು ಅಲೆಯಿಲ್ಲದೆ ಇಡೀ ಕೋಣೆ ಖಾಲಿಯಾಯಿತು. ಉಳಿದ ಮಾಣಿಗಳು ಬೋಗುಣಿ ಹಿಡಿದು ಅವರ ಹಿಂದೆ ಓಡಿದರು.

ಹಾಲ್ಸಾಲ್ ಮೆಲ್ಲಗೆ ಹೊರಗೆ ಬಂದ. ಯಾರೂ ಮುಟ್ಟದ ತಟ್ಟೆಗಳನ್ನು ಒಂದೊಂದಾಗಿ ನೋಡುತ್ತ ಮೇಜುಗಳ ನಡುವೆ ನಡೆದ.

"ಬೈಯೋ ಮಾರಾಯ," ಎಂದ ರಿಮ್ಮರ್. "ನಿನ್ನ ಆಸೆಗೆ ನಾನೇ ತಣ್ಣೀರೆರಚಿದೆ."

ಹಾಲ್ಸಾಲ್ ಒಂದು ಕುರ್ಚಿ ಎಳೆದ. "ಕೂತ್ಕೋ."

"ಇಲ್ಲೇನಾ? ಯಾರಾದ್ರೂ ನೋಡಿದ್ರೆ ನನ್ನ ಕೆಲಸ ಹೋಗುತ್ತೆ ಕಣೋ!"

"ಕೂತ್ಕೋ ಅಂದೆ. ಯಾರಾದ್ರೂ ಒಬ್ರು ತಿನ್ನೋದನ್ನ ನಾನು ನೋಡ್ಬೇಕು."

ರಿಮ್ಮರ್ ಕುರ್ಚಿಯ ತುದಿಯಲ್ಲಿ ಕೂತ. ಮಾಣಿಗಳು ಉಣ್ಣುವುದು ಎಲ್ಲರದೂ ಆದ ಮೇಲೆ, ನಿಂತುಕೊಂಡು, ಆರಿಹೋದದ್ದನ್ನು. ಮೊದಲ ತುತ್ತು ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿದ. ಆಮೇಲೆ ತಲೆಯೆತ್ತಲಿಲ್ಲ. ಮೂಳೆ ಚೀಪಿದ, ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ. ಹಾಲ್ಸಾಲ್ ಎದುರಿಗೆ ನಿಂತು ಒಂದೊಂದು ತುತ್ತನ್ನೂ ನೋಡಿದ. ನೋಡಿದಷ್ಟೂ ಅವನ ಹೊಟ್ಟೆಯೇ ತುಂಬುತ್ತ ಬಂತು.

ಕಡೆಗೆ ರಿಮ್ಮರ್ ತಲೆಯೆತ್ತಿದ. ಕಣ್ಣು ಒದ್ದೆಯಾಗಿತ್ತು.

"ಅಲ್ವೋ ಹಾಲ್ಸಾಲ್, ಇಷ್ಟು ವರ್ಷ ನಾನು ಆ ಜನಕ್ಕೆ ಹೊತ್ಕೊಂಡು ಹೋಗ್ತಿದ್ದದ್ದು ಇದನ್ನಾ?"