ಫುಲ್ ತೋಳಿನ ಅಂಗಿ

ಒಬ್ಬ ಹೆಣ್ಣುಮಗಳ ಮುಖವನ್ನು ಒಂದೇ ಒಂದು ಡೈಲಾಗಿನಿಂದ ಉಳಿಸಿದ ಗಂಡಸು ಯಾರು ಅಂತ ಕಲಂಗುಟ್ ಬೀಚಿಗೆ ಹೋಗಿ ಕೇಳಿ ನೋಡಿ. ಕನ್ನಡಿ ಕಸೂತಿಯ ಚೀಲ ಮಾರುವವರೆಲ್ಲ ಒಂದೇ ಹೆಸರು ಹೇಳುತ್ತಾರೆ: ಗೋಪಪ್ಪ. ವಯಸ್ಸು ಆಗ ಇಪ್ಪತ್ತು, ನೋಡಿದ ಸಿನಿಮಾ ಇನ್ನೂರು, ಹೆದರಿದ್ದು ಸೊನ್ನೆ. ನಂಬದಿದ್ದರೆ ನಷ್ಟ ನಿಮ್ಮದೇ.

ತೊಂಬತ್ತಮೂರರ ಮಾರ್ಚ್ ತಿಂಗಳು. ಪಣಜಿ ಬಸ್‌ಸ್ಟ್ಯಾಂಡಿನ ಹಿಂದೆ, ಸೋಡಾ ಅಂಗಡಿಯ ಮೇಲಿನ ಕೋಣೆಯಲ್ಲಿ, ಗೋಪಪ್ಪನ ವೈನಿ, ಅಂದರೆ ಅಣ್ಣನ ಹೆಂಡತಿ, ಹೇಮಿಬಾಯಿ ಕ್ಷೌರದ ಕುರ್ಚಿಯ ಮೇಲೆ ಕೂತಿದ್ದಳು. ಸ್ಟೋ ಭಗ್ಗೆಂದು ಅವಳ ಬಲಹುಬ್ಬು ಅರ್ಧ ಸುಟ್ಟು ವರ್ಷವಾಗಿತ್ತು. ಕೂದಲು ಮತ್ತೆ ಬಂದಿರಲಿಲ್ಲ. ದಿನಾ ಕಾಡಿಗೆಯಿಂದ ತೀಡಿಕೊಂಡು ಹೋದರೆ ಹನ್ನೊಂದರ ಹೊತ್ತಿಗೆ ಹುಬ್ಬು ಬೆವರಿನ ಜೊತೆ ಕೆನ್ನೆಗೆ ಇಳಿಯುತ್ತಿತ್ತು. ಫಾರಿನ್ನಿನವರು ಚೀಲ ಬಿಟ್ಟು ಅವಳ ಮುಖದ ಫೋಟೋ ತೆಗೆಯುತ್ತಿದ್ದರು. ಅದಕ್ಕೇ ಅವಳಿಗೆ ಅಳಿಸದ ಹುಬ್ಬು ಬೇಕಾಗಿತ್ತು. ಹಚ್ಚೆಯ ಮಷೀನು ಹಿಡಿದು ಅದನ್ನು ಚುಚ್ಚಿ ಬರೆಯುವವನು ಕಂಠೆಪ್ಪ. ಮೊನ್ನೆ ಮೊನ್ನೆಯವರೆಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು.

"ಗೋಪ್ಯಾ, ನರ್ಸಬಾಯಿ ಹೇಳಿದ್ದು ಮೂರೂ ಕೇಳಿದ್ಯೋ ಇಲ್ಲೋ?" ಅಂತ ಹೇಮಿಬಾಯಿ ಏಳನೇ ಸಲ ಕೇಳಿದಳು. ಸೂಜಿ ಒಬ್ಬೊಬ್ಬರಿಗೂ ಹೊಸದೋ? ಮಸಿ ಮೈಗೆ ಹಾಕುವಂಥದ್ದೋ? ಮೊದಲು ಕಿವಿಯ ಹಿಂದೆ ಒಂದು ಚುಕ್ಕಿ ಇಟ್ಟು, ಬಾತುಕೊಳ್ಳುತ್ತದೋ ಏನೋ ಅಂತ ನಾಲ್ಕು ದಿನ ಕಾದು ನೋಡುತ್ತಾರೋ? ಊರ ದವಾಖಾನೆಯ ನರ್ಸು ಬೆರಳು ಮಡಚಿ ಹೇಳಿಕೊಟ್ಟ ಪ್ರಶ್ನೆಗಳು. ಇವನ್ನು ಕೇಳಿ ಬಾ ಅಂತಲೇ ಎಂಟು ದಿನ ಮೊದಲು ಗೋಪಪ್ಪನನ್ನು ಇಲ್ಲಿಗೆ ಅಟ್ಟಿದ್ದಳು.

"ಈ ಗೋಪಿ ಕಾಲಿಟ್ಟ ಕಡೆ ಗಡಿಯಾರ ಸೈತ ನನ್ನ ಕೇಳಿ ಹೊಡೀತೈತಿ, ವೈನಿ. ಮೂರೂ ಕೇಳೀನಿ. ಮೂರಕ್ಕೂ ಹೌದು."

"ಸೀದಾ ಮಾತಾಡಿದ್ರ ನಿನ್ನ ಗಂಟಲಾಗ ಏನರ ಸಿಕ್ಕೊಂತೈತೇನು?" ಅಂದು ಅವಳು ಕಂಠೆಪ್ಪನ ಕಡೆ ತಿರುಗಿದಳು. "ಮತ್ತ ಕಿವಿ ಹಿಂದಿನ ಚುಕ್ಕಿ ಎಲ್ಲೈತಿ? ಇವತ್ತ ಹುಬ್ಬಿಗೇ ಕೈ ಹಾಕಾಕತ್ತಿಯಲ್ಲ."

"ಅದೆಲ್ಲ ನಾಜೂಕ ಮಂದಿಗ್ರಿ ಅಕ್ಕಾರ. ನೀವು ಬಿಸಲಾಗ ಬೆಂದವರು. ನಾ ಬರದ ಬೋರ್ಡು ಹತ್ತು ಮಳಿಗಾಲ ತಡದಾವು, ಒಂದು ಹುಬ್ಬು ಏನ ದೊಡ್ಡದು?"

"ನಂದು ಬೋರ್ಡಲ್ಲಪಾ. ಕೆಳಗ ಕಣ್ಣೈತಿ." ಹೇಮಿಬಾಯಿ ಗೋಪಪ್ಪನನ್ನು ನೋಡಿದಳು. ಗೋಪಪ್ಪ ಫ್ಯಾನು ನೋಡಿದ.

"ಕ್ಲೈಮ್ಯಾಕ್ಸಿನಾಗ ಎಲ್ಲಾ ಸರಿ ಆಕ್ಕೈತಿ, ವೈನಿ," ಅಂದ, ಫ್ಯಾನಿಗೆ.

ಅವಳು ಕುರ್ಚಿಯಿಂದ ಎದ್ದು, ಮಷೀನಿನ ಸೂಜಿ ಬಿಚ್ಚಿ ಕೊಡು ಅಂದಳು. ಏಳು ವರ್ಷದವಳಿದ್ದಾಗಿನಿಂದ ಬಟ್ಟೆಗೆ ಕನ್ನಡಿ ಕೂರಿಸಿದ ಕೈ ಅದು. ಲಂಬಾಣಿ ತಾಂಡಾದ ಹೆಂಗಸರು ಸೂಜಿಯನ್ನು ಕಣ್ಣಿನಿಂದ ನೋಡುವುದಿಲ್ಲ, ಉಗುರಿನಿಂದ ನೋಡುತ್ತಾರೆ. ಹೆಬ್ಬೆರಳ ಉಗುರಿನ ಮೇಲೆ ಎಳೆದರೆ ಹೊಸ ಸೂಜಿ ಜಾರುತ್ತದೆ. ದುಡಿದ ಸೂಜಿಯ ತುದಿ ಮಣಿದಿರುತ್ತದೆ, ಕಚ್ಚುತ್ತದೆ. ಹೇಮಿಬಾಯಿ ಎಳೆದಳು. ಕರ್ ಅಂತ ಕಚ್ಚಿತು.

"ಇದು ಎಷ್ಟ ಮಂದಿ ಮೈಯಾಗ ಹೊಕ್ಕು ಬಂದೈತಿ, ಕಂಠೆಪ್ಪಾ?"

"ದಿನಾ ಬಿಸಿನೀರಾಗ ಅದ್ದತೇನ್ರಿ."

ಆಗ ಎದ್ದನು ನೋಡಿ ನಮ್ಮ ಗೋಪಪ್ಪ. ಕಾಲರ್ ಎತ್ತಿದ, ಒಂದು ಹುಬ್ಬು ಏರಿಸಿದ, ಗೋಡೆ ನಡುಗುವ ಹಾಗೆ ಅಂದ: "ಈ ಮುಖದ ಮ್ಯಾಲ ಒಂದ ಚುಕ್ಕಿ ಬಿತ್ತಂದ್ರ, ನಿನ್ನ ಬಾಳಿನ ಬೋರ್ಡಿಗೆ 'ಸಮಾಪ್ತಿ' ಅಂತ ನಾ ಬರೀತೇನಿ." ಕಂಠೆಪ್ಪನ ಕೈಯಿಂದ ಮಷೀನು ಬಿತ್ತು. ಹೀರೋ ವೈನಿಯನ್ನು ಮೆಟ್ಟಿಲಿಳಿಸಿಕೊಂಡು ಹೊರಟ. ಬೀಚಿನಲ್ಲಿ ಎಲ್ಲರೂ ಹೀಗೇ ಹೇಳುತ್ತಾರೆ. ಅವರಿಗೆ ಹೇಳಿದವನು ಗೋಪಪ್ಪ.

ಇಷ್ಟು ಬುರುಡೆ ಹೊಡೆದ ಮೇಲೆ ಖರೇದೂ ಹೇಳಿಬಿಡುತ್ತೇನೆ. ಆ ಡೈಲಾಗು ಹುಟ್ಟಿದ್ದು ತಿರುಗಿ ಬರುವ ಬಸ್ಸಿನಲ್ಲಿ. ಮೇಲಿನ ಕೋಣೆಯಲ್ಲಿ ನಡೆದದ್ದು ಬೇರೆ. "ಮೂರಕ್ಕೂ ಹೌದು ಅಂದ್ಯಲ್ಲೋ, ಭಾಡ್ಯಾ," ಅಂತ ಹೇಮಿಬಾಯಿ ಅವನ ಎಡದೋಳಿಗೆ ಒಂದು ಬಿಟ್ಟಳು. ಸಣ್ಣ ಏಟು. ಗೋಪಪ್ಪ "ಯವ್ವಾ" ಅಂತ ನೆಲಕ್ಕೆ ಕೂತುಬಿಟ್ಟ. ಇಂಥ ಸೆಕೆಯಲ್ಲಿ ಎಂಟು ದಿನದಿಂದ ಇವನಿಗೆ ಫುಲ್ ತೋಳಿನ ಅಂಗಿ ಯಾಕೆ ಅಂತ ಅವಳಿಗೆ ಆಗ ಹೊಳೆಯಿತು. ಗುಂಡಿ ಬಿಚ್ಚಿ ತೋಳು ಮೇಲೆ ಸರಿಸಿದಳು. ಎಂಟು ದಿನದ ಹಿಂದೆ ಬಂದವನು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಅದೇ ಸೂಜಿಗೆ ತೋಳು ಕೊಟ್ಟು ಹುಲಿ ಬರೆಸಿಕೊಂಡಿದ್ದ. ಈಗ ತೋಳು ಕೆಂಪಗೆ ಬಾತು, ಕೀವು ತುಂಬಿ, ಹುಲಿ ಗಬ್ಬದ ಎಮ್ಮೆಯ ಹಾಗೆ ಕಾಣುತ್ತಿತ್ತು.

ಅವಳು ಸೆರಗಿನಿಂದ ಹುಬ್ಬಿನ ಕಾಡಿಗೆ ಒರೆಸಿಕೊಂಡು, ಅರ್ಧ ಹುಬ್ಬಿನಲ್ಲೇ ಅವನ ರಟ್ಟೆ ಹಿಡಿದು ಸೀದಾ ಪಣಜಿಯ ದವಾಖಾನೆಗೆ ಎಳೆದೊಯ್ದಳು. ಅಲ್ಲಿಯ ನರ್ಸು ಕೀವು ತೊಳೆದಳು. ಸೂಜಿಯಿಂದ ಏಡ್ಸ್ ಗೀಡ್ಸ್ ಅಂಟಿದೆಯೋ ನೋಡಲು ಮೂರು ತಿಂಗಳು ಬಿಟ್ಟು ರಕ್ತ ತಪಾಸಣೆಗೂ ಬರಬೇಕು, ಅಲ್ಲಿಯವರೆಗೆ ಏನೂ ಹೇಳಲಿಕ್ಕಾಗದು ಅಂದಳು. ಹೇಮಿಬಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. "ಈಗ ಹೊಡಿ ಒಂದು ಡೈಲಾಗು," ಅಂದಳು.

 ನರ್ಸು ಇಂಜೆಕ್ಷನ್ ತುಂಬಿಕೊಂಡು ಹತ್ತಿರ ಬಂದಾಗ ಗೋಪಪ್ಪ ಸಣ್ಣ ದನಿಯಲ್ಲಿ ಕೇಳಿದ:

"ಬಾಯಾರ, ಸೂಜಿ ಹೊಸಾದ ಐತಿಲ್ರಿ?"